ಬ್ಯಾಂಕಿನ ಚೆಕ್ಕು, ಚೆಕ್ಸ್ ಅಂಗಿ, ಚೆಕ್‌ಪೋಸ್ಟು: ಎಲ್ಲಾ ಒಂದೇ ಮನೆಯವಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಶಹಾಬಾದ್‌ನವ. ಕಲಬುರಗಿ ಗಂಜ್‌ನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ದಿನಕ್ಕೆ ಐವತ್ತು ಸಲ ‘ಚೆಕ್’ ಅನ್ನೋ ಪದ ಕಿವಿಗೆ ಬೀಳುತ್ತೆ. ತೊಗರಿ ಚೀಲ ಚೆಕ್ ಮಾಡು, ರೈತರಿಗೆ ಚೆಕ್ ಬರಿ, ಲಾರಿ ಚೆಕ್‌ಪೋಸ್ಟ್‌ನಲ್ಲಿ ನಿಂತಿದೆ. ಮನೆಗೆ ಹೋದರೆ ಮಗನಿಗೆ ಚೆಕ್ಸ್ ಅಂಗಿ ಬೇಕು, ಚೆಸ್ ಆಡುವಾಗ ‘ಚೆಕ್’ ಅಂತ ಕೂಗ್ತಾನೆ. ಇವೆಲ್ಲ ಒಂದೇ ಪದಾನಾ, ಅಥವಾ ಸುಮ್ನೆ ಉಚ್ಚಾರ ಒಂದೇ ಇದೆಯಾ? ಬೀದರಿನ ನಮ್ಮ ಭಾವ, ಬ್ಯಾಂಕಿನ ಚೆಕ್ ಅರಬ್ಬಿ ಭಾಷೆಯ ‘ಸಕ್’ನಿಂದ ಬಂದಿದ್ದು, ಇಂಗ್ಲಿಷಿನವರು ಕದ್ದಿದ್ದು ಅಂತ ಪಟ್ಟು ಹಿಡಿದಿದ್ದಾರೆ. ಮಿರ್ಚಿ ಭಜಿ, ಚಹಾ ಪಂದ್ಯ ಕಟ್ಟಿದ್ದೇವೆ. ಇನ್ನೊಂದು, ಬರೆಯುವಾಗ ಕೊನೆಗೆ ಸಿ-ಕೆ ಹಾಕಬೇಕಾ, ಕ್ಯೂ-ಯು-ಇ ಹಾಕಬೇಕಾ?

ಉತ್ತರ: ಪಂದ್ಯದ ತೀರ್ಮಾನ ಕೊನೆಗೆ ಮಾಡೋಣ. ಮೊದಲು ನೇರ ಉತ್ತರ. ನೀವು ಹೇಳಿದ ಚೆಕ್‌ಗಳೆಲ್ಲ ಒಂದೇ ಪದ. ಅಂಗಿಯದ್ದು, ಬ್ಯಾಂಕಿನದ್ದು, ಚೆಸ್ಸಿನದ್ದು, ನೀವು ಹೇಳದೇ ಬಿಟ್ಟ ಹಳ್ಳದ ಚೆಕ್ ಡ್ಯಾಮಿನದ್ದು ಕೂಡ. ಇನ್ನು ಆ ಪದ ಎಲ್ಲಿಂದ ಬಂತು ಅಂದರೆ, ನೀವು ದಿನಾ ಹೇಳೋ ನಿಮ್ಮ ಊರ ಹೆಸರಲ್ಲೇ ಅದು ಕೂತಿದೆ. ಶಹಾಬಾದ್‌ನಲ್ಲಿ ‘ಶಹಾ’ ಇದೆಯಲ್ಲ, ಅದೇ. ತಮಾಷೆ ಮಾಡ್ತಿಲ್ಲ, ಮುಂದೆ ಓದಿ.

ನಾನು ಸಣ್ಣವನಿದ್ದಾಗ ನಮ್ಮ ಓಣಿಯಲ್ಲಿ ಒಂದು ಕಟ್ಟೆ ಇತ್ತು. ಮೇಲೆ ನಿಮ್ಮ ಊರಿನ ಫರಸಿ ಹಾಸಿದ್ದರು. ಬೇಸಿಗೆಯ ಸಂಜೆ, ಕಲ್ಲಿನ ಕಾವು ಇನ್ನೂ ಆರಿರದ ಹೊತ್ತಲ್ಲಿ ಇಬ್ಬರು ಹಿರಿಯರು ಅಲ್ಲಿ ಬಂದು ಕೂರುತ್ತಿದ್ದರು. ಒಬ್ಬರು ಟೇಲರ್ ಸಾಹೇಬರು, ಇನ್ನೊಬ್ಬರು ಪೆನ್ಶನ್ ಮಾಸ್ತರು. ಹಲಗೆ ಗಿಲಗೆ ಏನೂ ಇಲ್ಲ. ಇದ್ದಿಲಿನಿಂದ ಫರಸಿ ಮೇಲೆ ಎಂಟೆಂಟು ಮನೆ ಗೀಚೋದು, ಮಳೆ ಬಂದು ಅಳಿಸಿದರೆ ಮತ್ತೆ ಗೀಚೋದು. ಕಾಯಿಗಳು ಮಾತ್ರ ಕಟ್ಟಿಗೆಯವು, ಒಂದು ಆನೆ ಕಳೆದುಹೋಗಿ ಅದರ ಜಾಗದಲ್ಲಿ ದಾರದ ಉಂಡೆ ಸುತ್ತುವ ಗಾಲಿ ನಿಲ್ಲಿಸಿದ್ದರು. ಸಾಹೇಬರು ಕುದುರೆ ಎತ್ತಿಟ್ಟು ಮೆಲ್ಲಗೆ ‘ಶಹ್’ ಅಂದರೆ ಸಾಕು, ಮಾಸ್ತರ ಬಾಯಲ್ಲಿನ ಎಲೆಅಡಿಕೆ ಅಲ್ಲೇ ನಿಲ್ಲುತ್ತಿತ್ತು. ಅವರು ಬೇರೆ ಏನೇ ಯೋಚನೆ ಮಾಡಿಕೊಂಡಿರಲಿ, ಎಲ್ಲಾ ಬಿಟ್ಟು ಮೊದಲು ರಾಜನನ್ನು ನೋಡಿಕೊಳ್ಳಬೇಕು. ಹೈಸ್ಕೂಲಿಗೆ ಹೋದಾಗ ಪಿ.ಟಿ. ಮಾಸ್ತರು ಅದೇ ಆಟ ಕಲಿಸಿದರು, ಅಲ್ಲಿ ‘ಚೆಕ್’ ಅನ್ನಬೇಕಿತ್ತು. ಶಹ್ ಅನ್ನೋದು ಸಾಹೇಬರ ಭಾಷೆ, ಚೆಕ್ ಅನ್ನೋದು ಇಂಗ್ಲಿಷಿನವರ ಭಾಷೆ ಅಂತ ನಾನು ಅಂದುಕೊಂಡೆ. ಕಾಲೇಜಿನಲ್ಲಿ ದಪ್ಪ ನಿಘಂಟು ತೆರೆದು ನೋಡಿದ ದಿನ ತಲೆ ತಿರುಗಿತು. ಎರಡೂ ಒಂದೇ ಪದ. ಒಂದು ಇರಾನಿನಿಂದ ನೇರವಾಗಿ ನಮ್ಮ ಓಣಿಗೆ ಬಂದಿದೆ, ಇನ್ನೊಂದು ಅರಬ್ ದೇಶ, ಫ್ರಾನ್ಸ್, ಇಂಗ್ಲೆಂಡ್ ಎಲ್ಲಾ ಸುತ್ತಿಕೊಂಡು, ವೇಷ ಬದಲಿಸಿಕೊಂಡು ಬಂದಿದೆ.

ಆ ಸುತ್ತಾಟ ಹೇಗಾಯ್ತು ಅಂತ ನೋಡೋಣ. ಆಟ ನಮ್ಮದೇ, ಚತುರಂಗ. ಆನೆ, ಕುದುರೆ, ರಥ, ಕಾಲಾಳು, ಹೀಗೆ ಸೈನ್ಯದ ನಾಲ್ಕು ಅಂಗ. ಸುಮಾರು 6ನೇ ಶತಮಾನದ ಹೊತ್ತಿಗೆ ಇದು ಇಲ್ಲಿಂದ ಇರಾನಿಗೆ ಹೋಯಿತು. ಅಲ್ಲಿ ‘ಚತ್ರಂಗ್’ ಆಯಿತು. 7ನೇ ಶತಮಾನದಲ್ಲಿ ಅರಬರು ಇರಾನ್ ಗೆದ್ದರು, ಆಟವನ್ನೂ ಕಲಿತರು. ಅರಬ್ಬಿ ಭಾಷೆಯಲ್ಲಿ ‘ಚ’ ಇಲ್ಲ, ‘ಗ’ ಕೂಡ ಇಲ್ಲ. ಹಾಗಾಗಿ ಚತ್ರಂಗ್ ಹೋಗಿ ‘ಶತ್ರಂಜ್’. ನಮ್ಮ ಕಡೆ ಶತರಂಜ್ ಅಂತ ಈಗಲೂ ಅನ್ನುತ್ತೇವಲ್ಲ, ಅದು ನಮ್ಮದೇ ಪದ ಬೇರೆಯವರ ಮನೆಯಲ್ಲಿ ಬೆಳೆದು ವಾಪಸ್ ಬಂದದ್ದು. ಇರಾನಿನಲ್ಲಿ ರಾಜನ ಕಾಯಿಗೆ ಅವರ ಭಾಷೆಯ ರಾಜ, ಅಂದರೆ ‘ಶಾಹ್’ ಅಂತ ಹೆಸರಿಟ್ಟರು. ರಾಜನ ಮೇಲೆ ದಾಳಿ ಬಿದ್ದರೆ ಎದುರಿನವನಿಗೆ ‘ಶಾಹ್!’ ಅಂತ ಎಚ್ಚರಿಕೆ ಕೊಡೋದು ಪದ್ಧತಿ. ‘ನಿನ್ನ ರಾಜನ್ನ ನೋಡ್ಕೋಪಾ’ ಅಂತ ಅರ್ಥ. ಅಷ್ಟೇ. ನಿಮ್ಮ ಬ್ಯಾಂಕಿನ ಚೆಕ್ಕಿನ ಹುಟ್ಟು ಈ ಒಂದು ಕೂಗಿನಲ್ಲಿದೆ.

ಅರಬರಿಂದ ಆಟ ಸ್ಪೇನ್, ಇಟಲಿ ಕಡೆ ಹೋಗಿ 1000ನೇ ಇಸವಿಯ ಆಸುಪಾಸಿಗೆ ಯುರೋಪಿನಲ್ಲಿ ಹಬ್ಬಿತು. ‘ಶಾಹ್’ ಪದದ ಕೊನೆಯ ಹಕಾರ ಅಲ್ಲಿಯವರಿಗೆ ಕಕಾರದ ಹಾಗೆ ಕೇಳಿಸಿತು. ಲ್ಯಾಟಿನ್ನಿನಲ್ಲಿ ‘ಸ್ಕಾಕ್’ ಅನ್ನುವಂಥ ರೂಪ ಬಂತು. ಮುಂದೆ ಹಳೆಯ ಫ್ರೆಂಚಿನಲ್ಲಿ ‘ಎಸ್‌ಚೆಕ್’. ಪದದ ಮೊದಲಿಗೆ ಈ ಎಕಾರ ಯಾಕೆ ಬಂತು ಅಂತೀರಾ? ನಮ್ಮ ಕಡೆ ಸ್ಕೂಲಿಗೆ ‘ಇಸ್ಕೂಲ್’, ಸ್ಟೇಷನ್ನಿಗೆ ‘ಇಸ್ಟೇಷನ್’ ಅನ್ನೋರು ಎಷ್ಟು ಜನ ಇದ್ದಾರೆ ನೋಡಿ. ಅದೇ ಕಾರಣ. ಸಕಾರದ ಹಿಂದೆಯೇ ಇನ್ನೊಂದು ವ್ಯಂಜನ ಬಂದರೆ ನಾಲಿಗೆಗೆ ಮುಂದೊಂದು ಸ್ವರದ ಆಸರೆ ಬೇಕು. ಫ್ರೆಂಚರೂ ಇಸ್ಕೂಲಿನವರೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿ ರಾಶಿ ಅಲ್ಲಿಗೆ ಹೋದವು. ಇಂಗ್ಲಿಷಿನವರು ಮುಂದಿನ ‘ಎಸ್’ ಬಿಸಾಕಿದರು, ‘ಚೆಕ್’ ಉಳಿಯಿತು. ಅದರ ಬಹುವಚನವೇ ‘ಚೆಸ್’. ಅಂದರೆ ಆಟದ ಹೆಸರಿಗೆ ‘ರಾಜರುಗಳು’ ಅಂತ ಅರ್ಥ. ನಂಬಿಕೆ ಬರದಿದ್ದರೆ ಪಕ್ಕದ ಭಾಷೆ ನೋಡಿ. ಜರ್ಮನ್ನಿನಲ್ಲಿ ಆಟಕ್ಕೂ ‘ಶಾಖ್’, ಚೆಕ್ಕಿಗೂ ‘ಶಾಖ್’. ರಷ್ಯನ್ನಿನಲ್ಲಿ ಆಟದ ಹೆಸರೇ ‘ಶಾಖ್‌ಮತಿ’, ಅಂದರೆ ನಮ್ಮ ಶಹ್-ಮಾತ್. ಫ್ರೆಂಚಿನಲ್ಲಿ ಈಗ ‘ಎಶೆಕ್’ ಅಂದರೆ ಸೋಲು ಅಂತ ಅರ್ಥ.

ಚೆಕ್‌ಮೇಟ್ ವಿಷಯವನ್ನೂ ಇಲ್ಲೇ ಮುಗಿಸಿಬಿಡ್ತೀನಿ. ‘ಶಾಹ್ ಮಾತ್’ ಅಂದರೆ ‘ರಾಜ ಸತ್ತ’ ಅಂತ ಎಲ್ಲಾ ಕಡೆ ಬರೆದಿರ್ತಾರೆ, ಅರಬ್ಬಿಯಲ್ಲಿ ‘ಮಾತ’ ಅಂದರೆ ಸತ್ತ ಅಂತ ಇರೋದರಿಂದ. ನನಗೆ ಅದು ಒಪ್ಪಿಗೆ ಇಲ್ಲ. ಇರಾನಿನ ಪಾರ್ಸಿ ಭಾಷೆಯಲ್ಲೇ ‘ಮಾತ್’ ಅನ್ನೋ ಪದ ಇದೆ, ದಿಕ್ಕುಗಾಣದೆ ನಿಂತವನು, ಕೈಲಾಗದವನು ಅಂತ ಅರ್ಥ. ಆಟ ಆಡಿದವರಿಗೆ ಗೊತ್ತು, ಚದುರಂಗದಲ್ಲಿ ರಾಜನನ್ನು ಯಾರೂ ಕೊಲ್ಲೋದಿಲ್ಲ, ಎಲ್ಲಿಗೂ ಹೋಗಲಾರದ ಹಾಗೆ ನಿಲ್ಲಿಸಿ ಆಟ ಮುಗಿಸ್ತಾರೆ. ಸಾಹೇಬರು ಮಾಸ್ತರಿಗೆ ‘ಮಾತ್ ಆಯ್ತು’ ಅಂದಾಗ ಮಾಸ್ತರ ಮುಖ ಸತ್ತವರ ಹಾಗಿರಲಿಲ್ಲ, ಬಸ್ ತಪ್ಪಿಸಿಕೊಂಡವರ ಹಾಗಿರುತ್ತಿತ್ತು.

ಈಗ ನಿಮಗೆ ಬೇಕಾದ ಭಾಗ. ಆಟದ ಕೂಗು ಅಂಗಡಿಗೆ ಹೇಗೆ ಬಂತು?

ಚೆಕ್ ಬಿದ್ದಾಗ ಏನಾಗುತ್ತೆ? ನಿಮ್ಮ ನಡೆಗೆ ತಡೆ ಬೀಳುತ್ತೆ. ಅಂದುಕೊಂಡದ್ದು ಮಾಡೋಕೆ ಆಗಲ್ಲ. 14ನೇ ಶತಮಾನದಲ್ಲೇ ಇಂಗ್ಲಿಷಿನವರು ಆಟದ ಹೊರಗೂ ಯಾವುದೇ ತಡೆಗೆ, ಹಿನ್ನಡೆಗೆ ‘ಚೆಕ್’ ಅನ್ನೋಕೆ ಶುರು ಮಾಡಿದರು. ಕುದುರೆಯನ್ನು ಲಗಾಮು ಎಳೆದು ನಿಲ್ಲಿಸಿದರೆ ಚೆಕ್, ಶತ್ರುವನ್ನು ಹದ್ದುಬಸ್ತಿನಲ್ಲಿ ಇಟ್ಟರೆ ಚೆಕ್. ತಡೆಯಿಂದ ಹತೋಟಿ ಬಂತು. ಹತೋಟಿಯಿಂದ, ತಪ್ಪು ಮೋಸ ಆಗದ ಹಾಗೆ ತಡೆಯುವುದು ಅಂತ ಆಯಿತು. ಮೋಸ ತಡೆಯೋದು ಹೇಗೆ? ಒಂದನ್ನು ಇನ್ನೊಂದರ ಜೊತೆ ಹೋಲಿಸಿ ನೋಡಬೇಕು, ತಾಳೆ ಹಾಕಬೇಕು. 17ನೇ ಶತಮಾನದ ಕೊನೆಯ ಹೊತ್ತಿಗೆ ‘ಚೆಕ್ ಮಾಡು’ ಅಂದರೆ ‘ತಾಳೆ ನೋಡು’ ಅನ್ನೋ ಅರ್ಥ ನಿಂತಿತು. ನೀವು ತೊಗರಿ ಚೀಲಕ್ಕೆ ಕೈ ಹಾಕಿ ಹಿಡಿ ಕಾಳು ಅಂಗೈಯಲ್ಲಿ ಹರಡಿ ಕಲ್ಲು, ಕಸ, ಹುಳ ನೋಡ್ತೀರಲ್ಲ, ಅದು ಈ ಕೊನೆಯ ಅರ್ಥ.

ಹಳೆಯ ಅರ್ಥ ಸತ್ತಿಲ್ಲ, ಪಕ್ಕದಲ್ಲೇ ಬದುಕಿದೆ. ಚೆಕ್ ಡ್ಯಾಮ್ ನೋಡಿ. ಹಳ್ಳಕ್ಕೆ ಅಡ್ಡ ಕಟ್ಟಿದ ಆ ಗಿಡ್ಡ ಗೋಡೆ ನೀರನ್ನು ಯಾವ ಪರೀಕ್ಷೆಯನ್ನೂ ಮಾಡಲ್ಲ, ಸುಮ್ನೆ ಅದರ ಓಟಕ್ಕೆ ತಡೆ ಹಾಕುತ್ತೆ. ನೀರು ನಿಧಾನ ಆದರೆ ನೆಲಕ್ಕೆ ಇಂಗುತ್ತೆ, ಮಣ್ಣೂ ಕೊಚ್ಚಿಹೋಗಲ್ಲ. ನಮ್ಮ ಕಡೆ ಬಾಂದಾರ ಅನ್ನೋದು ಇದಕ್ಕಿಂತ ದೊಡ್ಡದು, ಆದರೆ ಕೆಲಸ ಅದೇ ಜಾತಿಯದು. ಚೆಕ್‌ಪೋಸ್ಟ್ ಮಾತ್ರ ಎರಡೂ ಅರ್ಥ ಸೇರಿದ ಜಾಗ. ಕಂಬ ಅಡ್ಡ ಹಾಕಿ ಲಾರಿ ತಡೀತಾರೆ, ಆಮೇಲೆ ಕಾಗದ ನೋಡ್ತಾರೆ. ಬೀದರ್ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ, ಎತ್ತ ಹೋದರೂ ಗಡಿ.

ಅಂಗಿಯ ಚೆಕ್ಸ್ ಇನ್ನೂ ಸುಲಭ. ಚದುರಂಗದ ಹಲಗೆಗೆ ಫ್ರೆಂಚರು ‘ಎಸ್‌ಚೆಕಿಯೆ’ ಅಂತಿದ್ದರು. ಇಂಗ್ಲಿಷಿನಲ್ಲಿ ಅದೇ ‘ಚೆಕರ್’. ಹಲಗೆಯ ಹಾಗೆ ಚೌಕ ಚೌಕ ಇರೋ ಬಟ್ಟೆಗೂ ಆ ಹೆಸರು ಬಂತು, ಬರಬರುತ್ತಾ ಚೆಕ್ ಆಯಿತು. ನಮ್ಮ ಹೆಂಗಸರು ಚೌಕಳಿ ಸೀರೆ ಅಂತಾರೆ. ಮಗನ ಅಂಗಿಯೂ ಅಜ್ಜಿಯ ಚೌಕಳಿಯೂ ಒಂದೇ ನಮೂನೆ, ಅಂಗಡಿಯವನು ಚೆಕ್ಸ್ ಅಂದ ತಕ್ಷಣ ನೂರು ರೂಪಾಯಿ ಜಾಸ್ತಿ ಆಗುತ್ತೆ, ಅಷ್ಟೇ ವ್ಯತ್ಯಾಸ.

ಬ್ಯಾಂಕಿನ ಚೆಕ್ಕಿಗೆ ಬರುವ ಮೊದಲು ಒಂದು ಮೇಜಿನ ಕಥೆ ಹೇಳಲೇಬೇಕು. ಲೆಕ್ಕ ಬರೆಯೋರು ನೀವು, ನಿಮಗೆ ಇಷ್ಟ ಆಗುತ್ತೆ.

ಇಂಗ್ಲೆಂಡಿನ 1ನೇ ಹೆನ್ರಿ ರಾಜನ ಕಾಲ, ಸುಮಾರು 1110. ಖಜಾನೆಯ ಲೆಕ್ಕಕ್ಕೆ ಒಂದು ದೊಡ್ಡ ಮೇಜು ಇಟ್ಟಿದ್ದರು. ಉದ್ದ 10 ಅಡಿ, ಅಗಲ 5 ಅಡಿ. ಮೇಲಿಟ್ಟದ್ದು ಕೆಳಗೆ ಬೀಳದಿರಲಿ ಅಂತ ಸುತ್ತ ನಾಲ್ಕು ಬೆರಳು ಎತ್ತರದ ಅಂಚು. ಮೇಲೆ ಕಪ್ಪು ಬಟ್ಟೆ, ಬಟ್ಟೆ ತುಂಬಾ ಗೆರೆ. ಯಾಕೆ ಗೆರೆ? ಆಗ ಅಲ್ಲಿ ಇದ್ದದ್ದು ರೋಮನ್ ಅಂಕಿಗಳು. ಅವುಗಳಲ್ಲಿ ಕೂಡಿಸೋದು, ಕಳೆಯೋದು ತಲೆನೋವಿನ ಕೆಲಸ. ಹಾಗಾಗಿ ಒಂದು ಮನೆ ಪೆನ್ನಿಗೆ, ಪಕ್ಕದ್ದು ಶಿಲಿಂಗಿಗೆ, ಆಮೇಲೆ ಪೌಂಡಿಗೆ, ಇಪ್ಪತ್ತಕ್ಕೆ, ನೂರಕ್ಕೆ, ಸಾವಿರಕ್ಕೆ ಅಂತ ಮಾಡಿ, ಅದರಲ್ಲಿ ಬಿಲ್ಲೆಗಳನ್ನು ಇಡುತ್ತಾ ತೆಗೆಯುತ್ತಾ ಲೆಕ್ಕ ಮಾಡುತ್ತಿದ್ದರು. 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. 16 ಆಣೆಯ ರೂಪಾಯಿ ಕಂಡ ನಮ್ಮ ಅಜ್ಜಂದಿರು ಆ ಮೇಜಿನ ಮುಂದೆ ಕೂತಿದ್ದರೆ ಅರ್ಧ ದಿನದಲ್ಲಿ ಕಲಿತುಬಿಡುತ್ತಿದ್ದರು. ದೂರದಿಂದ ನೋಡಿದರೆ ಚದುರಂಗದ ಹಲಗೆಯೇ. ಹಾಗಾಗಿ ಆ ಮೇಜಿಗೂ, ಆಮೇಲೆ ಇಡೀ ಖಜಾನೆ ಇಲಾಖೆಗೂ ‘ಎಕ್ಸ್‌ಚೆಕರ್’ ಅಂತ ಹೆಸರು ಬಂತು. ಇವತ್ತಿಗೂ ಬ್ರಿಟನ್ನಿನ ಹಣಕಾಸು ಮಂತ್ರಿಗೆ ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’ ಅನ್ನುತ್ತಾರೆ. ಅಂದರೆ ಚದುರಂಗದ ಹಲಗೆಯ ಅಧಿಕಾರಿ.

ಈ ಮೇಜಿನ ವಿವರ ನಮಗೆ ಗೊತ್ತಾಗಿದ್ದು ರಿಚರ್ಡ್ ಫಿಟ್ಸ್‌ನೀಲ್ ಅನ್ನೋ ಖಜಾಂಚಿಯಿಂದ. 1170ರ ದಶಕದಲ್ಲಿ ಆತ ಲ್ಯಾಟಿನ್ನಿನಲ್ಲಿ ಒಂದು ಪುಸ್ತಕ ಬರೆಯೋಕೆ ಕೂತ. ಅದು ಶಿಷ್ಯ ಕೇಳೋದು, ಗುರು ಹೇಳೋದು, ನಾವಿಬ್ಬರು ಈಗ ಮಾಡ್ತಿರೋ ಹಾಗೇ. ಚದುರಂಗದಲ್ಲಿ ಇಬ್ಬರು ರಾಜರು ಎದುರುಬದುರು ನಿಂತ ಹಾಗೆ ಇಲ್ಲಿ ಖಜಾಂಚಿ ಒಂದು ಕಡೆ, ಲೆಕ್ಕ ಒಪ್ಪಿಸೋಕೆ ಬಂದ ಶೆರಿಫ್ ಇನ್ನೊಂದು ಕಡೆ ಕೂತು ಜಗ್ಗಾಡ್ತಾರೆ, ಅದಕ್ಕೇ ಈ ಹೆಸರು ಇನ್ನೂ ಒಪ್ಪುತ್ತೆ ಅಂತ ಆತ ಹೇಳ್ತಾನೆ. ಶೆರಿಫ್ ಅಂದ ಕೂಡಲೇ ನಿಮ್ಮ ಭಾವ ‘ನೋಡು, ಇದೂ ನಮ್ಮ ಶರೀಫ್’ ಅನ್ನಬಹುದು. ಅಲ್ಲ. ಅರಬ್ಬಿಯ ಶರೀಫ್ ಅಂದರೆ ಕುಲೀನ, ಮರ್ಯಾದಸ್ಥ. ಇಂಗ್ಲಿಷಿನ ಶೆರಿಫ್ ‘ಶೈರ್’ ಮತ್ತು ‘ರೀವ್’ ಸೇರಿ ಆದದ್ದು, ಜಿಲ್ಲೆಯ ಅಮಲ್ದಾರ ಅಂದ ಹಾಗೆ. ಕೇಳೋಕೆ ಅಣ್ಣತಮ್ಮ, ರಕ್ತಸಂಬಂಧ ಮಾತ್ರ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಪಂದ್ಯದ ಹೊತ್ತಿಗೆ ಬೇಕಾಗುತ್ತೆ.

ಆ ಖಜಾನೆಯಲ್ಲಿ ರಸೀದಿ ಕೊಡೋ ರೀತಿಯೂ ಮಜವಾಗಿತ್ತು. ಕಾಗದ ಅಲ್ಲ, ಕಟ್ಟಿಗೆ. ದುಡ್ಡು ಕಟ್ಟಿದರೆ ಒಂದು ಕೋಲಿನ ಮೇಲೆ ಕಚ್ಚು ಹಾಕೋರು. ಸಾವಿರ ಪೌಂಡಿಗೆ ಅಂಗೈ ಅಗಲದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಬಾರ್ಲಿ ಕಾಳಿನಷ್ಟು. ಆಮೇಲೆ ಕೋಲನ್ನು ಉದ್ದಕ್ಕೆ ಸೀಳಿ ಒಂದು ಹೋಳು ಕಟ್ಟಿದವನಿಗೆ, ಇನ್ನೊಂದು ಖಜಾನೆಗೆ. ಮುಂದೆ ತಕರಾರು ಬಂದರೆ ಎರಡನ್ನೂ ಜೋಡಿಸಿ ನೋಡೋದು. ಕಚ್ಚಿಗೆ ಕಚ್ಚು ಕೂಡಿದರೆ ಸರಿ, ಇಲ್ಲದಿದ್ದರೆ ಯಾರೋ ಚಾಕು ಆಡಿಸಿದ್ದಾರೆ. ನಮ್ಮ ಮನೆಯಲ್ಲಿ ಹಾಲಿನವ ಗೋಡೆ ಮೇಲೆ ಗೀಟು ಎಳೆದು ಹೋಗುತ್ತಿದ್ದ, ನಮ್ಮವ್ವ ಒಳಗೆ ಕ್ಯಾಲೆಂಡರಿನಲ್ಲಿ ಬೇರೆ ಗೀಟು ಹಾಕುತ್ತಿದ್ದಳು, ತಿಂಗಳ ಕೊನೆಗೆ ಎರಡೂ ಕೂಡಬೇಕು. ಅದೇ ಉಪಾಯ. ಇಂಗ್ಲೆಂಡಿನಲ್ಲಿ ಈ ಕೋಲಿನ ಪದ್ಧತಿ 1826ರ ತನಕ ಎಳೆಯಿತು. 1834ರ ಅಕ್ಟೋಬರ್ 16ರಂದು ಹಳೆಯ ಕೋಲುಗಳನ್ನು ಪಾರ್ಲಿಮೆಂಟಿನ ಕೆಳಗಿನ ಒಲೆಗೆ ತುಂಬಿ ಸುಟ್ಟರು. ಒಲೆ ಕಾದು ಪಾರ್ಲಿಮೆಂಟ್ ಕಟ್ಟಡವೇ ಸುಟ್ಟುಹೋಯಿತು. ರದ್ದಿ ಕಾಗದ ಸುಡುವಾಗ ನಮ್ಮ ಕಚೇರಿಗಳವರು ಇದನ್ನೊಮ್ಮೆ ನೆನೆಸಿಕೊಳ್ಳಬೇಕು.

ಸೀಳಿದ ಎರಡು ಹೋಳು, ಜೋಡಿಸಿ ನೋಡೋದು. ಬ್ಯಾಂಕಿನ ಚೆಕ್ಕಿನ ಹೆಸರು ಬಂದದ್ದು ಇಂಥದ್ದೇ ಉಪಾಯದಿಂದ.

ನಮ್ಮ ದುಡ್ಡು ಇಟ್ಟುಕೊಂಡವರಿಗೆ ‘ಇಂಥವರಿಗೆ ಇಷ್ಟು ಕೊಡಿ’ ಅಂತ ಚೀಟಿ ಬರೆಯೋ ಪದ್ಧತಿ ಲಂಡನ್ನಿನಲ್ಲಿ 17ನೇ ಶತಮಾನದಲ್ಲೇ ಇತ್ತು. ಈಗ ಉಳಿದಿರೋ ತೀರಾ ಹಳೆಯವುಗಳಲ್ಲಿ ಒಂದು 1659ರದ್ದು, 400 ಪೌಂಡಿಗೆ ಕೈಯಲ್ಲಿ ಬರೆದ ಚೀಟಿ. ನಮ್ಮ ಸಾಹುಕಾರರ ಹುಂಡಿಯ ಹಾಗೇ. ಆಗ ಅದಕ್ಕೆ ಚೆಕ್ ಅನ್ನುತ್ತಿರಲಿಲ್ಲ, ಬಿಲ್, ನೋಟ್, ಡ್ರಾಫ್ಟ್ ಅನ್ನುತ್ತಿದ್ದರು. 18ನೇ ಶತಮಾನದ ಆರಂಭದಲ್ಲಿ ಇಂಥ ಕಾಗದಗಳಿಗೆ ಒಂದು ಅರ್ಧ ಭಾಗ ಹಚ್ಚೋದು ಶುರುವಾಯಿತು. ಕೊಡೋ ಭಾಗ ಹರಿದು ಕೊಡೋದು, ಇನ್ನರ್ಧ ಪುಸ್ತಕದಲ್ಲೇ ಉಳಿಸಿಕೊಳ್ಳೋದು. ಯಾರಾದರೂ ನಾಲ್ಕನ್ನು ನಲವತ್ತು ಮಾಡಿದರೆ ಉಳಿದ ಅರ್ಧದ ಜೊತೆ ತಾಳೆ ಹಾಕಿದಾಗ ಸಿಕ್ಕಿಬೀಳುತ್ತಾನೆ. ಮೋಸಕ್ಕೆ ತಡೆ. ಆ ಉಳಿಯೋ ಅರ್ಧಕ್ಕೇ ಮೊದಲು ಚೆಕ್ ಅಂತ ಹೆಸರಿದ್ದದ್ದು. ಆಮೇಲೆ ಅಂಥ ಅರ್ಧ ಇರೋ ಕಾಗದಕ್ಕೂ ಅದೇ ಹೆಸರು ಹತ್ತಿತು, ಕೊನೆಗೆ ಅರ್ಧ ಮರೆತುಹೋಯಿತು, ಹೆಸರು ಉಳಿಯಿತು.

ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ಓಣಿಯ ಹುಡುಗರು ಪಟ್ಟಿ ಎತ್ತೋಕೆ ಬರ್ತಾರಲ್ಲ, ಕೈಯಲ್ಲಿ ರಸೀದಿ ಬುಕ್ ಹಿಡಿದುಕೊಂಡು. 101 ರೂಪಾಯಿ ಕೊಟ್ಟರೆ ಎರಡೂ ಕಡೆ ಹೆಸರು ಬರೆದು, ಚುಕ್ಕೆ ಚುಕ್ಕೆ ಗೆರೆ ಮೇಲೆ ಸ್ಕೇಲ್ ಇಟ್ಟು ಪರ್ ಅಂತ ಹರಿದು ಕೊಡ್ತಾರೆ. ನಿಮ್ಮ ಕೈಗೆ ಬಂದದ್ದು ರಸೀದಿ. ಪಿನ್ನಿನ ಹತ್ತಿರ ಉಳಿದ ಆ ಗಿಡ್ಡ ತುಂಡು, ಹಳೆಯ ಇಂಗ್ಲಿಷಿನ ಲೆಕ್ಕದಲ್ಲಿ ಅಸಲಿ ಚೆಕ್ ಅದು. ಮೊದಲಿನ ಬ್ಯಾಂಕ್ ಚೆಕ್‌ಬುಕ್ಕಿನಲ್ಲೂ ಎಡಕ್ಕೆ ಇಂಥ ತುಂಡು ಇರುತ್ತಿತ್ತು. ಈಗ ಬುಕ್ಕಿನ ಮೊದಲಿಗೆ ಒಂದು ಪಟ್ಟಿ ಅಚ್ಚು ಹಾಕಿರ್ತಾರೆ, ಅದನ್ನು ಯಾರೂ ತುಂಬಲ್ಲ.

ಇನ್ನು ಸ್ಪೆಲಿಂಗ್. ಮೂಲದಲ್ಲಿ ಎಲ್ಲದಕ್ಕೂ ಸಿ-ಕೆ ಇತ್ತು. ಖಜಾನೆಯ ಎಕ್ಸ್‌ಚೆಕರ್ ಪದದಲ್ಲಿ ಕ್ಯೂ-ಯು ಇದೆ, ಅದರ ಪ್ರಭಾವದಿಂದ ಬ್ರಿಟಿಷರು ಬ್ಯಾಂಕಿನ ಚೆಕ್ಕಿಗೂ ಕ್ಯೂ-ಯು-ಇ ಹಚ್ಚಿದರು. ದುಡ್ಡಿನ ವಿಷಯ, ಸ್ವಲ್ಪ ಗತ್ತು ಇರಲಿ ಅಂತ ಇರಬೇಕು. ಅಮೆರಿಕದವರು ಆ ತಂಟೆಗೆ ಹೋಗಲಿಲ್ಲ, ಅವರಿಗೆ ಬ್ಯಾಂಕಿನದ್ದೂ ಸಿ-ಕೆ, ಹೋಟೆಲ್ ಬಿಲ್ಲೂ ಚೆಕ್, ನಾವು ಟಿಕ್ ಅನ್ನೋ ಗುರುತೂ ಚೆಕ್. ನಮ್ಮಲ್ಲಿ 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 6ನೇ ಸೆಕ್ಷನ್ ಚೆಕ್ ಅಂದರೆ ಏನು ಅಂತ ಹೇಳುತ್ತೆ, ಅಲ್ಲಿ ಕ್ಯೂ-ಯು-ಇ. ಬೌನ್ಸ್ ಆದ ಚೆಕ್ಕಿಗೆ 1988ರಲ್ಲಿ ಸೇರಿಸಿದ 138ನೇ ಸೆಕ್ಷನ್ನಿನಲ್ಲೂ ಅದೇ. ಗಂಜ್‌ನಲ್ಲಿ ಇರೋರಿಗೆ 138 ಅಂದರೆ ಸಾಕು, ಮುಂದೆ ಹೇಳಬೇಕಾಗಿಲ್ಲ. ಆದ್ದರಿಂದ ದುಡ್ಡಿನ ಕಾಗದಕ್ಕೆ ಕ್ಯೂ-ಯು-ಇ, ಉಳಿದ ಎಲ್ಲದಕ್ಕೂ ಸಿ-ಕೆ ಬರೀರಿ.

ಇದನ್ನು ನಾನು ಕಲಿತದ್ದು ಅವಮಾನ ಮಾಡಿಸಿಕೊಂಡು. ಹೊಸದಾಗಿ ಲೆಕ್ಚರರ್ ಆದ ವರ್ಷ, ಒಂದು ಬ್ಯಾಂಕಿಗೆ ಹೊಸ ಚೆಕ್‌ಬುಕ್ ಕೊಡಿ ಅಂತ ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಸಿ-ಕೆ ಹಾಕಿದ್ದೆ. ಕೌಂಟರಿನ ಹಿರಿಯರು ಓದಿದರು, ಕನ್ನಡಕ ಇಳಿಸಿ ನನ್ನನ್ನು ನೋಡಿದರು, ಕೆಂಪು ಪೆನ್ನು ತೆಗೆದು ಪದಕ್ಕೆ ದುಂಡಗೆ ಸುತ್ತು ಹಾಕಿ ಅರ್ಜಿ ವಾಪಸ್ ಕೊಟ್ಟರು. ‘ಸರ್, ಕಾಲೇಜಿನಾಗ ಏನ್ ಕಲಿಸ್ತೀರಿ?’ ‘ಇಂಗ್ಲಿಷ್ ರಿ,’ ಅಂದೆ. ಹಿಂದೆ ಲೈನಿನಲ್ಲಿ ನಿಂತಿದ್ದ ನನ್ನ ವಿದ್ಯಾರ್ಥಿ ಒಬ್ಬ ಕೆಮ್ಮಿದ. ಅಮೆರಿಕದಲ್ಲಿ ಹೀಗೇ ಬರೀತಾರೆ ಅಂತ ವಾದ ಮಾಡಬಹುದಿತ್ತು, ಆದರೆ ಆಗ ನನಗೂ ಅದು ಗೊತ್ತಿರಲಿಲ್ಲ.

ಇನ್ನು ಭಾವನವರ ‘ಸಕ್’. ಅವರು ಗಾಳಿಯಲ್ಲಿ ಗುಂಡು ಹೊಡೆದಿಲ್ಲ, ಅದನ್ನು ಒಪ್ಪಬೇಕು. ಅರಬ್ಬಿಯಲ್ಲಿ ಸಕ್ ಅನ್ನೋ ಪದ ನಿಜವಾಗಿ ಇದೆ, ಬರೆದುಕೊಟ್ಟ ಕರಾರುಪತ್ರ ಅಂತ ಅರ್ಥ. ವ್ಯಾಪಾರಿಗಳು ಮೂಟೆಗಟ್ಟಲೆ ನಾಣ್ಯ ಹೊರುವ ಬದಲು ಇಂಥ ಪತ್ರ ಬಳಸುತ್ತಿದ್ದರು. ಈಗಲೂ ಇಸ್ಲಾಮಿಕ್ ಬ್ಯಾಂಕಿಂಗಿನಲ್ಲಿ ‘ಸುಕೂಕ್’ ಅಂತ ಬಾಂಡುಗಳಿವೆ, ಅದು ಸಕ್ ಪದದ ಬಹುವಚನ. ಸದ್ದೂ ಹತ್ತಿರ, ಅರ್ಥವೂ ಹತ್ತಿರ. ಯಾರಿಗಾದರೂ ಆಸೆ ಆಗುತ್ತೆ. ಆದರೆ ಬಂದ ದಾರಿ ನೋಡಬೇಕಲ್ವಾ? ಸಕ್‌ನಿಂದ ಬಂದಿದ್ದರೆ ಇಂಗ್ಲಿಷಿನಲ್ಲಿ ಈ ಪದ ಮೊದಲು ‘ದುಡ್ಡು ಕೊಡಿ’ ಅನ್ನೋ ಪತ್ರಕ್ಕೇ ಹತ್ತಬೇಕಿತ್ತು. ಹಾಗಾಗಿಲ್ಲ. ಪತ್ರ ಇತ್ತು, ಅದಕ್ಕೆ ಬೇರೆ ಹೆಸರಿತ್ತು. ಚೆಕ್ ಅಂತ ಮೊದಲು ಕರೆದದ್ದು ತಾಳೆ ನೋಡೋಕೆ ಉಳಿಸಿಕೊಂಡ ತುಂಡನ್ನು. ಆ ಅರ್ಥ ಸಕ್‌ನಲ್ಲಿ ಇಲ್ಲ, ಚದುರಂಗದಿಂದ ಬಂದ ಚೆಕ್‌ನಲ್ಲಿ ಇದೆ. ಬರೀ ಸದ್ದು ನಂಬಿದರೆ ಶೆರಿಫನನ್ನು ಶರೀಫ ಮಾಡಿಬಿಡ್ತೀವಿ. ನಮ್ಮ ‘ಶಹಬ್ಬಾಸ್’ ನೋಡಿ, ಅದರಲ್ಲಿ ಎದ್ದು ಕಾಣೋ ಹಾಗೆ ‘ಶಹ’ ಇದೆ. ರಾಜನಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಅದು ಪಾರ್ಸಿಯ ‘ಶಾದ್ ಬಾಶ್’, ಖುಷಿಯಾಗಿರು ಅಂತ.

ಹಾಗಾದರೆ ನಮ್ಮ ಕಡೆ ಶಹಾ ಯಾವಾಗ ಬಂದ? 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಹಾ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. 15ನೇ ಶತಮಾನದಲ್ಲಿ ರಾಜಧಾನಿ ಬೀದರಿಗೆ ಹೋಯಿತು. ದರ್ಬಾರಿನ ಭಾಷೆ ಪಾರ್ಸಿ. ಇರಾನಿನ ಗೀಲಾನ್ ಕಡೆಯಿಂದ ವ್ಯಾಪಾರಕ್ಕೆ ಬಂದ ಮಹಮೂದ್ ಗವಾನ್ ಇಲ್ಲಿ ಪ್ರಧಾನಿಯೇ ಆದ, ಬೀದರಿನಲ್ಲಿ ಆತ ಕಟ್ಟಿಸಿದ ಮದರಸಾ ಈಗಲೂ ನಿಂತಿದೆ. ನಿಮ್ಮ ದಫ್ತರ, ಜಮಾ, ಖರ್ಚು, ಬಾಕಿ, ರಸೀದಿ ಎಲ್ಲಾ ಪಾರ್ಸಿ ದರ್ಬಾರುಗಳ ಲೆಕ್ಕದ ಪುಸ್ತಕಗಳಿಂದ ಬಂದವು. ಗಂಜ್ ಕೂಡ. ಪೊಲೀಸ್ ‘ಪೇದೆ’ ಗೊತ್ತಲ್ಲ? ಚದುರಂಗದ ಪ್ಯಾದೆಯೇ ಅವನು, ಪಾರ್ಸಿಯ ‘ಪಿಯಾದಾ’, ನಡೆದು ಹೋಗುವ ಸಿಪಾಯಿ. ಜೀಪಿನಲ್ಲಿ ಬಂದರೂ ಹೆಸರು ಬದಲಾಗಿಲ್ಲ.

ಇನ್ನೂ ಒಂದು ಮೆಟ್ಟಿಲು ಕೆಳಗೆ ಇಳಿದರೆ ಮಜಾ ಇದೆ. ಶಾಹ್ ಪದದ ತೀರಾ ಹಳೆಯ ರೂಪ, ಎರಡೂವರೆ ಸಾವಿರ ವರ್ಷದ ಹಿಂದೆ ಇರಾನಿನ ಬಂಡೆಗಳ ಮೇಲೆ ಕೆತ್ತಿಸಿದ್ದು, ‘ಕ್ಷಾಯಥಿಯ’. ಅದರ ಹತ್ತಿರದ ಬಂಧು ಸಂಸ್ಕೃತದ ‘ಕ್ಷತ್ರ’, ಕ್ಷತ್ರಿಯ. ಆಳೋದು, ಅಧಿಕಾರ ಅನ್ನೋ ಅರ್ಥದ ಒಂದೇ ಬೇರು. ನಾವು ಪೇಟೆಗೆ ಹೊರಟಾಗ ‘ಶಹರಕ್ಕ ಹೋಗಿ ಬರ್ತೀನಿ’ ಅಂತೀವಲ್ಲ, ಆ ಶಹರ ಕೂಡ ಅದೇ ಮನೆಯದು, ಮೊದಲು ರಾಜ್ಯ ಅಂತ ಅರ್ಥ ಇತ್ತು, ಸಣ್ಣದಾಗುತ್ತಾ ಊರಾಯಿತು. ಅಂದರೆ ಶಹಾಬಾದ್‌ನವ ಶಹರಕ್ಕೆ ಬಂದು ಚೆಕ್ ಬರೆದರೆ ಒಂದೇ ಬೇರಿನ ಮೂವರು ಮೊಮ್ಮಕ್ಕಳು ಒಂದೇ ವಾಕ್ಯದಲ್ಲಿ ಸೇರಿದ ಹಾಗೆ.

ಪಂದ್ಯಕ್ಕೆ ಬರೋಣ. ಸಕ್ ಅಂದದ್ದು ತಪ್ಪು, ಆದ್ದರಿಂದ ಮಿರ್ಚಿ ಭಜಿ ಭಾವನವರ ಲೆಕ್ಕಕ್ಕೆ. ಆದರೆ ಪದ ಇಂಗ್ಲಿಷಿನವರದ್ದಲ್ಲ, ಅರಬರ ಕೈ ದಾಟಿಯೇ ಹೋದದ್ದು ಅನ್ನೋದರಲ್ಲಿ ಅವರ ಮಾತು ಅರ್ಧ ನಿಜ. ಹಾಗಾಗಿ ಚಹಾ ನೀವು ಕುಡಿಸಿ. ಪೇಮೆಂಟ್ ಚೆಕ್‌ನಲ್ಲಿ ಮಾಡ್ತೀನಿ ಅಂತ ಭಾವ ಅಂದರೆ ಮಾತ್ರ ಒಪ್ಪಬೇಡಿ.